ದುರ್ವಾಸನೆ ಇರುವುದಿಲ್ಲವೆಂದು ದೃಢೀಕರಿಸಿದೆ

೧೨ ಫೆಬ್ರವರಿ ೨೦೦೭, ಸೋಮವಾರ

ಇಂದಿನಿಂದ ನಾನು ಧರ್ಮದರ್ಶಿ. ದೇವಸ್ಥಾನದ್ದಲ್ಲ, ನಮ್ಮ ಚನ್ನಪಟ್ಟಣದ ರೇಷ್ಮೆ ಮಿಲ್ಲಿನ ನೌಕರರ ನಿವೃತ್ತಿ ನಿಧಿಯದು. ಮುನ್ನೂರ ಹನ್ನೆರಡು ಜನ ತಿಂಗಳು ತಿಂಗಳು ಸಂಬಳದಲ್ಲಿ ಹಿಡಿಸಿಕೊಟ್ಟ ಹಣ. ಮುದುಕರಾದ ಮೇಲೆ ಅದೇ ಪಿಂಚಣಿ. ಆ ಹಣವನ್ನು ಎಲ್ಲಿ ಹಾಕಬೇಕೆಂದು ತೀರ್ಮಾನಿಸಲು ನಾಲ್ಕು ಜನ. ಆಡಳಿತ ಮಂಡಳಿಯ ಕಡೆಯಿಂದ ಲೆಕ್ಕಾಧಿಕಾರಿ ರಾಮಲಿಂಗಯ್ಯನವರು ಅಧ್ಯಕ್ಷರು. ನೌಕರರ ಕಡೆಯಿಂದ ಬಾಯ್ಲರ್ ಕೃಷ್ಣಪ್ಪ, ನೂಲು ತೆಗೆಯುವ ವಿಭಾಗದ ಖುರ್ಷಿದಾ, ಮತ್ತು ಸೂಪರ್‌ವೈಸರ್ ಅನಂತರಾಜು ಎಂಬ ಈ ಬಡಪಾಯಿ.

ದಿನಚರಿ ಬರೆಯುವ ಚಟ ನನಗಿರಲಿಲ್ಲ. ಮಿಲ್ಲಿನ ಹಾಳು ಸಮಾಚಾರವನ್ನೆಲ್ಲ ಊಟಕ್ಕೆ ಕೂತಾಗಲೇ ಹೇಳುತ್ತೇನೆಂದು ವರಲಕ್ಷ್ಮಿಗೆ ಸಿಟ್ಟು. "ರೀ, ನಿಮ್ಮ ಹೊಟ್ಟೆಉರಿನೆಲ್ಲ ಇದ್ರಲ್ಲಿ ಬರ್ಕೊಳ್ಳಿ, ನನಗೆ ಅನ್ನ ಗಂಟಲಲ್ಲಿ ಇಳಿಯಲ್ಲ" ಎಂದು ಈ ಪುಸ್ತಕ ತಂದುಕೊಟ್ಟಳು. ಮದುವೆಯಾಗಿ ಮೂವತ್ತು ವರ್ಷಕ್ಕೆ ಹೆಂಡತಿ ಕೊಟ್ಟ ಮೊದಲ ಉಡುಗೊರೆ.

ಚುನಾವಣೆಯ ದಿನ ನಾನೊಂದು ಭಾಷಣ ಮಾಡಿದ್ದೆ. "ನಿಮ್ಮ ಬೆವರಿನ ದುಡ್ಡನ್ನು ಕೊಳಕು ವ್ಯಾಪಾರಕ್ಕೆ ಹಾಕಲು ನಾನಿರುವವರೆಗೂ ಬಿಡುವುದಿಲ್ಲ" ಅಂದೆ. ಭರ್ಜರಿ ಚಪ್ಪಾಳೆ. ಚಪ್ಪಾಳೆ ಮುಗಿದದ್ದೇ ತಡ, ಅವೇ ಕೈಗಳು ನನ್ನ ಅಂಗಿ ಹಿಡಿದು ಕೇಳಿದ್ದು ಒಂದೇ ಮಾತು: "ಅದ್ಸರಿ ಕಣಣ್ಣೋ, ಈ ಸಲ ಎಷ್ಟು ಪರ್ಸೆಂಟ್ ಬತ್ತದೆ?" ಎಲ್ಲಿಂದ ಬರುತ್ತದೆ ಎಂದು ಕೇಳಿದವನು ಒಬ್ಬನೂ ಇಲ್ಲ. ಸ್ಮಶಾನದ ಸೌದೆ ಕದ್ದು ಮಾರಿದರೂ ಸರಿ, ಹತ್ತು ಹಾಕಿದ್ದು ಹನ್ನೆರಡಾಗಿ ಬರಬೇಕು. ಥೂ.

ಖುರ್ಷಿದಾ ಒಬ್ಬರೇ ಬೇರೆ ಮಾತಾಡಿದ್ದು. "ಅನಂತಣ್ಣ, ಹೆಂಡದ ಕಂಪನಿಗೆ ಒಂದು ಪೈಸೆ ಹೋಗ್ಬಾರ್ದು. ನನ್ನ ಗಂಡನ್ನ ಅದು ತಿಂತು. ಇನ್ನು ಪಿಂಚಣಿನೂ ಅದಕ್ಕೇ ತಿನ್ನಿಸ್ಲಾ?"

ನಾನು ಎದೆ ಮುಟ್ಟಿಕೊಂಡು ಮಾತು ಕೊಟ್ಟೆ.

೨೬ ಫೆಬ್ರವರಿ, ಸೋಮವಾರ

ಮೊದಲ ಸಭೆ. ನಿಧಿಯನ್ನು ನೋಡಿಕೊಳ್ಳುವ ಬೆಂಗಳೂರಿನ ಕಂಪನಿಯಿಂದ ಫಂಡ್ ಮ್ಯಾನೇಜರ್ ಬಂದಿದ್ದರು. ಟೈ ಕಟ್ಟಿದ ಬೋಳುತಲೆಯೊಂದನ್ನು ನಿರೀಕ್ಷಿಸಿದ್ದೆವು. ಬಂದದ್ದು ರಮ್ಯಾ ಎಂಬ ಇಪ್ಪತ್ತೆಂಟು ವರ್ಷದ ಹುಡುಗಿ. ಮೊಣಕಾಲ ಮೇಲೆ ಕಂಪ್ಯೂಟರು, ಮುಖದ ಮೇಲೆ ಯಾರ ಮೇಲೂ ಸಿಟ್ಟಿಲ್ಲದ ನಗು.

ಹೊಸ ನಿಯಮದ ಪ್ರಕಾರ ನಿಧಿಯ ಒಂದು ಸಣ್ಣ ಪಾಲನ್ನು ಷೇರಿಗೆ ಹಾಕಬಹುದಂತೆ. "ಈಗ ಸಾಮಾಜಿಕ ಜವಾಬ್ದಾರಿಯ ಹೂಡಿಕೆ ಅಂತ ಬಂದಿದೆ ಸರ್. ನಿಮಗೆ ಯಾವ್ಯಾವುದು ತಪ್ಪು ಅನ್ಸುತ್ತೋ ಹೇಳ್ಬಿಡಿ, ಅದನ್ನ ನಾವು ಮುಟ್ಟಲ್ಲ" ಅಂದಳು.

ಪಾಪಗಳ ಪಟ್ಟಿ ಮಾಡಿ ಎಂದು ನಾಲ್ವರನ್ನು ಒಂದು ಕೋಣೆಯಲ್ಲಿ ಕೂರಿಸಿದರೆ ಆಗುವ ಅನಾಹುತವನ್ನು ಇಂದು ಕಣ್ಣಾರೆ ಕಂಡೆ. ಖುರ್ಷಿದಾ ಹೆಂಡ ಅಂದರು. ನಾನು ಬೀಡಿ ಸಿಗರೇಟು ಅಂದೆ. ಕೃಷ್ಣಪ್ಪ ಕಿವಿಯ ಮೇಲಿದ್ದ ಬೀಡಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ರಾಮಲಿಂಗಯ್ಯನವರು ಮಾಂಸ, ಮೊಟ್ಟೆ ಅಂದರು.

"ಅದನ್ನ ಸೇರ್ಸುದ್ರೆ ನಾನು ಎದ್ದೋಯ್ತೀನಿ ಸಾ" ಎಂದು ಕೃಷ್ಣಪ್ಪ ಎದ್ದೇಬಿಟ್ಟ. ಅವನ ಪಾಲಿನ ಪಾಪ ಟೀವಿ ಧಾರಾವಾಹಿ. "ಅದು ಬಂದಾಗಿಂದ ನಮ್ಮನೇಲಿ ಮುದ್ದೆ ಆರೋಗೈತೆ. ಆ ಚಾನಲ್ನೋರ್ಗೆ ನನ್ನ ದುಡ್ಡು ಹೋಗ್ಕೂಡ್ದು, ಬರ್ಕಳವ್ವ."

ಬಡ್ಡಿಯೂ ತಪ್ಪೇ ಎಂದು ಖುರ್ಷಿದಾ ಮೆಲುದನಿಯಲ್ಲಿ ಅಂದರು. ಹಾಗಾದರೆ ನಿಧಿಗೇ ಬೀಗ ಹಾಕೋಣ ಎಂದು ರಾಮಲಿಂಗಯ್ಯನವರು ಕನ್ನಡಕ ತೆಗೆದರು. ಪಟ್ಟಿ ಹದಿನೇಳಕ್ಕೆ ಮುಟ್ಟಿದಾಗ ರಮ್ಯಾ ಗಂಟಲು ಸರಿಮಾಡಿಕೊಂಡಳು.

"ಹೊರದೇಶದ ಒಂದು ಫಂಡ್‌ನ ಪಟ್ಟೀಲಿ ಇನ್ನೊಂದು ಐಟಂ ಇದೆ ಸರ್. ಹೇಳ್ಲಾ?"

"ಹೇಳಮ್ಮ."

"ರೇಷ್ಮೆ. ಹುಳಾನ ಜೀವಂತ ಬೇಯಿಸ್ತಾರೆ ಅಂತ."

ರಾಮಲಿಂಗಯ್ಯನವರು ತೆಗೆದಿದ್ದ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಕೊನೆಗೆ ಕೃಷ್ಣಪ್ಪನೇ, "ನಾನು ಬಾಯ್ಲರ್ ಹಚ್ಚಿ ಇಪ್ಪತ್ತೊಂಬತ್ತು ವರ್ಷ ಆಯ್ತು ಕಣ್ಲಾ ಅನಂತ. ಬೆಂದೋದ ಹುಳ ಎಲ್ಲಾ ನ್ಯಾಯ ಕೇಳಕ್ಕೆ ಬಂದ್ರೆ ನಿಲ್ಲಕ್ಕೆ ಚನ್ನಪಟ್ಟಣ ಸಾಲ್ದು" ಅಂದ.

ಪರದೇಶದವರ ಧರ್ಮಬುದ್ಧಿಗೆ ಬೆಂಕಿ ಬೀಳಲಿ. ನಮ್ಮ ಅನ್ನವನ್ನೇ ಪಾಪ ಅನ್ನುತ್ತಾರೆ! ಹದಿನೇಳರಲ್ಲಿ ಹದಿನೈದನ್ನು ಹೊಡೆದುಹಾಕಿ ಎರಡೇ ಎರಡು ಉಳಿಸಿದೆವು. ಒಂದು, ಹೆಂಡ. ಎರಡು, ಊರಿನ ಗಾಳಿ ನೀರು ಕೆಡಿಸುವ ಫ್ಯಾಕ್ಟರಿ. ಎರಡನೆಯದನ್ನು ಬರೆಸಿದ್ದು ನಾನು. ದಾಖಲೆಗಿರಲಿ.

೧೪ ಮಾರ್ಚ್, ಬುಧವಾರ

ರಮ್ಯಾ ಒಂದು ಕಂಪನಿ ಹುಡುಕಿ ತಂದಿದ್ದಾಳೆ. ವನಜ್ಯೋತಿ ಬಯೋಫ್ಯೂಯೆಲ್ಸ್. ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಗಳಿಂದ, ಸಕ್ಕರೆ ತೆಗೆದು ಉಳಿದ ಕಾಕಂಬಿ ತರಿಸಿ, ಪೆಟ್ರೋಲಿಗೆ ಬೆರೆಸುವ ಸ್ಪಿರಿಟ್ ಮಾಡುತ್ತಾರಂತೆ. ಹಸಿರು ಇಂಧನ. ಫ್ಯಾಕ್ಟರಿ ಬೇರೆಲ್ಲೂ ಇಲ್ಲ, ನಮ್ಮ ಕುದೂರಿನ ಹತ್ತಿರವೇ. ಶುರುವಾಗಿ ಆರು ತಿಂಗಳು. ಪುಸ್ತಿಕೆಯ ಮುಖಪುಟದಲ್ಲಿ ಒಂದು ಎಲೆ, ಎಲೆಯ ಮೇಲೆ ಒಂದು ಹನಿ, ಹನಿಯೊಳಗೆ ನಗುತ್ತಿರುವ ಒಂದು ಮಗು. ಮಗು ಆ ಹನಿಯೊಳಗೆ ಹೇಗೆ ಉಸಿರಾಡುತ್ತದೋ ದೇವರಿಗೇ ಗೊತ್ತು.

"ಸ್ಪಿರಿಟ್ ಅಂದ್ರೆ ಹೆಂಡ ಅಲ್ವಾ?" ಖುರ್ಷಿದಾ ಕೇಳಿದರು.

"ಕುಡಿಯೋಕಲ್ಲ ಆಂಟಿ. ಗಾಡಿಗೆ."

"ಗಾಡಿ ಕುಡಿದು ಮನೇಗ್ ಬಂದು ಹೊಡಿಯಲ್ಲ. ಸರಿ ಬಿಡಮ್ಮ."

ನಾನು ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯೇ? ಪುಸ್ತಿಕೆಯನ್ನು ಮಡಚಿ ಬದಿಗಿಟ್ಟು, "ಖುದ್ದಾಗಿ ನೋಡಿ, ಖುದ್ದಾಗಿ ಮೂಸಿ, ಆಮೇಲೆ ದುಡ್ಡು" ಅಂದೆ. ರಮ್ಯಾಳ ಮುಖದಲ್ಲಿ ಮೊದಲ ಸಲ ಗೌರವದಂಥದ್ದೇನೋ ಕಂಡಿತು. "ಇಷ್ಟು ವರ್ಷದಲ್ಲಿ ನೋಡ್ಬೇಕು ಅಂದ ಟ್ರಸ್ಟಿ ನೀವೊಬ್ಬರೇ ಸರ್. ಉಳಿದೋರು ಪರ್ಸೆಂಟ್ ಕೇಳಿ ಫೋನ್ ಇಟ್ಬಿಡ್ತಾರೆ."

ಉಳಿದ ಟ್ರಸ್ಟಿಗಳ ಜನ್ಮಕ್ಕಿಷ್ಟು.

೨೨ ಮಾರ್ಚ್, ಗುರುವಾರ

ತಪಾಸಣೆ ಮುಗಿಯಿತು. ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಂಥ ಕೆಲಸ ಈ ಸೀಮೆಯಲ್ಲಿ ಹಿಂದೆ ಯಾರೂ ಮಾಡಿರಲಾರರು.

ಬೆಳಿಗ್ಗೆ ಕಾರಿನಲ್ಲಿ ಹೊರಟು ಮಾಗಡಿಯ ಮೇಲೆ ಕುದೂರು ತಲುಪಿದೆವು. ಫ್ಯಾಕ್ಟರಿಯ ಹಿಂಭಾಗದಲ್ಲಿ ಕೊಳೆನೀರಿನ ಹೊಂಡಗಳು, ಒಂದೊಂದೂ ನಮ್ಮೂರ ಕಟ್ಟೆಯಷ್ಟು ಅಗಲ. ಗಟ್ಟಿ ಕಾಫಿಯ ಬಣ್ಣದ ನೀರು, ಮೇಲೆ ನೊರೆ. ಅಲ್ಲೇ ಶಾಮಿಯಾನ ಹಾಕಿ ಕುರ್ಚಿ ಇಟ್ಟಿದ್ದರು.

ಕಾರಿನ ಡ್ರೈವರ್ ಇಳಿದವನೇ ಹೊಂಗೆಮರದ ಬುಡಕ್ಕೆ ಓಡಿ ಬೆಳಗಿನ ಇಡ್ಲಿಯನ್ನೆಲ್ಲ ಒಪ್ಪಿಸಿಬಿಟ್ಟ. ಕುದೂರಿನ ಇಡ್ಲಿ ಸರಿಯಿರಲಿಲ್ಲವೆಂದು ಕಾಣುತ್ತದೆ. ರಮ್ಯಾ ಕರ್ಚೀಫಿನಿಂದ ಮೂಗು ಬಾಯಿ ಮುಚ್ಚಿಕೊಂಡಳು. ಕಣ್ಣಿಂದ ನೀರು ಸುರಿಯುತ್ತಿತ್ತು. ಬೆಂಗಳೂರಿನ ಮಕ್ಕಳಿಗೆ ಹಳ್ಳಿಯ ಗಾಳಿಯೇ ಆಗುವುದಿಲ್ಲ.

ನಾವು ನಾಲ್ವರು ಧರ್ಮದರ್ಶಿಗಳು ಹೊಂಡದ ಏರಿಯ ಮೇಲೆ ಸಾಲಾಗಿ ನಿಂತು ಕೆಲಸಕ್ಕೆ ಇಳಿದೆವು.

"ಮೂಸ್ಲಾ ಅನಂತ. ಸರ್ಯಾಗ್ ಮೂಸು."

"ಮೂಸ್ದೆ ಕಣ್ಲಾ. ಏನೂ ಇಲ್ಲ."

"ನಂಗೂ ಏನೂ ಬರ್ತಾ ಇಲ್ಲಪ್ಪ" ಎಂದು ಖುರ್ಷಿದಾ ನೀರಿನ ಹತ್ತಿರಕ್ಕೇ ಇಳಿದು ಬಗ್ಗಿ ನೋಡಿದರು. ರಾಮಲಿಂಗಯ್ಯನವರು ಕಣ್ಣು ಮುಚ್ಚಿ, ಪ್ರಾಣಾಯಾಮದಂತೆ ಒಂದು ಮೂಗಿನ ಹೊಳ್ಳೆ ಒತ್ತಿ ಇನ್ನೊಂದರಲ್ಲಿ ಎಳೆದು, "ಶುದ್ಧ" ಎಂದು ಘೋಷಿಸಿದರು.

ಇದು ಬೇರೆಯವರ ಕೈಲಿ ಆಗುವ ಕೆಲಸವಲ್ಲ. ನಮ್ಮ ಮಿಲ್ಲಿನ ಮುಂದೆ ಬಸ್ಸು ಹಾದುಹೋಗುವಾಗ ಒಳಗಿನ ಜನವೆಲ್ಲ ಸೆರಗು, ಟವೆಲ್ಲು, ಸಿಕ್ಕಿದ್ದನ್ನು ಮೂಗಿಗೆ ಹಿಡಿಯುತ್ತಾರೆ. ಬೆಂದ ಹುಳದ ನಾತವಂತೆ. ಸೇರಿದ ಮೊದಲ ತಿಂಗಳು ನನಗೂ ಬಡಿಯುತ್ತಿತ್ತು. ಆಮೇಲೆ ಮೂವತ್ತು ವರ್ಷದಿಂದ ಏನೂ ಇಲ್ಲ. ರಾಮಲಿಂಗಯ್ಯನವರ ಆಫೀಸು ಕೂಡ ಗೂಡು ಬೇಯಿಸುವ ತೊಟ್ಟಿಯ ನೇರ ಮೇಲಿದೆ. ನಾಲ್ಕು ಮೂಗಿನ ಸೇವಾವಧಿ ಕೂಡಿಸಿದರೆ ನೂರ ಹದಿನೆಂಟು ವರ್ಷ. ಇಷ್ಟು ಪಳಗಿದ ಮೂಗುಗಳು ಸರ್ಕಾರದ ಬಳಿಯೂ ಇರಲಾರವು.

ಹೊಂಡದ ಪಕ್ಕದಲ್ಲೇ ಬಿರಿಯಾನಿ, ರಾಮಲಿಂಗಯ್ಯನವರಿಗೆ ಪುಳಿಯೋಗರೆ, ಬಾದಾಮಿ ಬರ್ಫಿ. ಫ್ಯಾಕ್ಟರಿಯ ಮ್ಯಾನೇಜರು ನಮ್ಮನ್ನೇ ಅಚ್ಚರಿಯಿಂದ ನೋಡುತ್ತ ನಿಂತಿದ್ದ. ಆತ ಮಾತ್ರ ಊಟ ಮಾಡಲಿಲ್ಲ. ಊಟವಾದ ಮೇಲೆ, "ಯಾವುದೇ ದುರ್ವಾಸನೆ ಇರುವುದಿಲ್ಲವೆಂದು ದೃಢೀಕರಿಸಿದೆ" ಎಂದು ನನ್ನ ಅಕ್ಷರದಲ್ಲೇ ಬರೆದು ನಾಲ್ವರೂ ರುಜು ಹಾಕಿದೆವು. ನನ್ನದೇ ಮೊದಲ ರುಜು. ಮ್ಯಾನೇಜರು ಒಂದು ಪ್ರತಿ ಕೇಳಿ ಇಟ್ಟುಕೊಂಡ.

ಫ್ಯಾಕ್ಟರಿಯ ಕೆಳಗಿನ ಹಳ್ಳಿಯಲ್ಲೇ ನನ್ನ ಒಡಹುಟ್ಟಿದ ದಾಸಮ್ಮಕ್ಕ ಇರುವುದು. ಹೋಗಿ ನೋಡಿಬರಬೇಕೆಂದಿದ್ದೆ. ಬರ್ಫಿ ತಡವಾಯಿತು.

ಮನೆಗೆ ಬಂದರೆ ವರಲಕ್ಷ್ಮಿ ಬಾಗಿಲಲ್ಲೇ ತಡೆದಳು. "ಅಯ್ಯಯ್ಯೋ, ಎಲ್ಲಿ ಬಿದ್ದು ಬಂದ್ರಿ? ಒಳಗೆ ಕಾಲಿಡ್ಬೇಡಿ!" ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಲ್ಲಿಸಿ ಎರಡು ಕೊಡ ನೀರು ಸುರಿದಳು. ಹೊಸ ಅಂಗಿಯನ್ನು ಕೋಲಿನ ತುದಿಯಲ್ಲಿ ಎತ್ತಿ ತಿಪ್ಪೆಗೆ ಎಸೆದಳು. ಮಾಗಡಿ ಪೇಟೆಯಲ್ಲಿ ಬೆಳೆದವಳು, ಸೂಕ್ಷ್ಮ.

೨೯ ಮಾರ್ಚ್, ಗುರುವಾರ

ವನಜ್ಯೋತಿಗೆ ಹಣ ಹೋಯಿತು. ಷೇರಿಗೆ ನಲವತ್ತೆರಡು ರೂಪಾಯಿಯಂತೆ.

೭ ಮೇ, ಸೋಮವಾರ

ಐವತ್ತೆಂಟು!

ಇದನ್ನು ಸಂತೋಷಕ್ಕೆ ಬರೆಯುತ್ತಿಲ್ಲ. ನೋಡಿಕೊಳ್ಳುವುದು ಧರ್ಮದರ್ಶಿಯ ಕರ್ತವ್ಯ. ಅದಕ್ಕಾಗಿ ದಿನವೂ ಬಸ್‌ಸ್ಟ್ಯಾಂಡಿನಲ್ಲಿ ಪೇಪರು ಕೊಳ್ಳುತ್ತೇನೆ. ಇರುವೆಸಾಲಿನಂಥ ಅಕ್ಷರದ ನಡುವೆ ವನಜ್ಯೋತಿಯನ್ನು ಹುಡುಕಿ ಹಿಡಿಯುವುದು ಮೊದಮೊದಲು ಹತ್ತು ನಿಮಿಷದ ಕೆಲಸ. ಈಗ ಪುಟ ತೆರೆಯುತ್ತಲೇ ಬೆರಳು ತಾನಾಗಿ ಹೋಗಿ ಕೂರುತ್ತದೆ.

ಕ್ಯಾಂಟೀನಿನಲ್ಲಿ ನಾನು ಬಂದರೆ ಎದ್ದು ಬೆಂಚು ಕೊಡುತ್ತಾರೆ. "ಅನಂತಣ್ಣಂಗೆ ಒಂದು ಸ್ಪೆಷಲ್ ಟೀ ಹಾಕ್ರಲಾ" ಎಂದು ಕೂಗುತ್ತಾರೆ. ಇದೇ ಜನ ಮೂರು ತಿಂಗಳ ಹಿಂದೆ ನನ್ನ ಕಂಡರೆ ಬೀಡಿ ಆರಿಸಿ ಓಡುತ್ತಿದ್ದರು. ದುಡ್ಡಿಗೆ ಬಾಲ ಆಡಿಸುವ ಈ ಜನವನ್ನು ನೋಡಿದರೆ ಹೇಸಿಗೆಯಾಗುತ್ತದೆ.

ಟೀ ಮಾತ್ರ ಚೆನ್ನಾಗಿತ್ತು.

೧೦ ಜೂನ್, ಭಾನುವಾರ

ದಾಸಮ್ಮಕ್ಕನ ಊರಿಗೆ ಹೋಗಿಬಂದೆ. ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅವ್ವ ಸತ್ತ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಭಾವ ಹೋಗಿ ಹತ್ತು ವರ್ಷವಾಯಿತು. ಎರಡೆಕರೆ ರಾಗಿ ಹೊಲ, ಒಂದು ಬಾವಿ, ಹದಿನಾಲ್ಕು ಕುರಿ. ಹದಿನಾಲ್ಕಿತ್ತು, ಈಗ ಹನ್ನೊಂದು.

ಕೂರುವುದಕ್ಕೂ ಬಿಡದೆ ಬಾವಿಯ ಹತ್ತಿರ ಎಳೆದುಕೊಂಡು ಹೋದಳು. ಒಂದು ಬಿಂದಿಗೆ ಸೇದಿ ನನ್ನ ಮುಖಕ್ಕೇ ಹಿಡಿದಳು.

"ಮೂಸ್ ನೋಡು ತಮ್ಮ."

ಮೂಸಿದೆ. "ಏನೂ ಇಲ್ವಲ್ಲಕ್ಕ."

"ಏನೂ ಇಲ್ವಾ? ಕುರಿ ಬಾಯಿ ಇಕ್ಕಾಕಿಲ್ಲ ಕಣ್ಲಾ ಇದ್ಕೆ! ಬಾಯಾರ್ಕೆ ತಡೀನಾರ್ದೆ ಕುಡ್ದಿದ್ದು ಮೂರು ಹೊಟ್ಟೆ ಉಬ್ಬಿ ಸತ್ತೋದ್ವು. ಮ್ಯಾಲ್ಗಡೆ ಫ್ಯಾಕ್ಟ್ರಿ ಹೊಂಡ ಇಂಗಿ ಇಂಗಿ ನಮ್ಮ ಬಾವಿಗೆ ಇಳಿತಾ ಐತೆ. ನಿನ್ ಮೂಗಿಗೆ ಏನ್ಲಾ ಬಂದದೆ?"

ಬಣ್ಣ ಇತ್ತು. ಬೆಲ್ಲದ ಪಾಕದ ಬಣ್ಣ. ಎಲೆ ಉದುರಿದರೂ ನೀರಿಗೆ ಹೀಗೆ ಬಣ್ಣ ಬರುತ್ತದೆ ಅಂದೆ. ಅಕ್ಕ ತಲೆಯೆತ್ತಿ ಮೇಲೆ ನೋಡಿದಳು. ಬಾವಿಯ ಹತ್ತಿರ ಮರವಿಲ್ಲ.

ಆಮೇಲೆ ಪಂಚಾಯ್ತಿ ಆಫೀಸಿಗೆ ಕರೆದುಕೊಂಡು ಹೋದಳು. "ದೂರು ಕೊಡಾಕ್ ಹೋದ್ರೆ ಅದ್ಯಾವ್ದೋ ಕಾಗ್ದ ತೋರ್ಸಿ ಕಳಿಸ್ತಾರೆ. ಏನ್ ಬರ್ದವ್ರೆ ಒಸಿ ಓದಪ್ಪ." ಗೋಡೆಯ ಮೇಲೆ, ಕಟ್ಟು ಹಾಕಿಸಿದ ಗಾಜಿನೊಳಗೆ, ನನ್ನ ದುಂಡನೆಯ ಅಕ್ಷರ.

ಓದಿದೆ. ದೃಢೀಕರಿಸಿದೆ ಎಂಬಲ್ಲಿಯವರೆಗೆ.

"ಕೆಳಗೆ ಯಾರ್ದೋ ರುಜು ಐತಲ್ಲ, ಯಾರ್ದು?"

"ಯಾರೋ ದೊಡ್ಡೋರದು, ಸರ್ಯಾಗಿ ಕಾಣಾಕಿಲ್ಲ" ಅಂದೆ.

"ದೊಡ್ಡೋರಂತೆ. ಅವ್ರ ಬಾಯಿಗೆ ಈ ನೀರು ಬೀಳ" ಎಂದು ಅಕ್ಕ ಅಲ್ಲೇ ಉಗಿದಳು.

ಸರ್ಕಾರಿ ಕಟ್ಟಡದ ಒಳಗೆ ಉಗಿಯುವುದು! ಇಂಥವರಿಂದಲೇ ಹಳ್ಳಿಗಳು ಹೊಲಸಾಗಿರುವುದು.

೧೧ ಜೂನ್, ಸೋಮವಾರ

ಬರೆಯುವಂಥದ್ದೇನೂ ಇಲ್ಲ. ಅರವತ್ತೆಂಟು.

೨೩ ಜೂನ್, ಶನಿವಾರ

ರಮ್ಯಾಳಿಗೆ ಫೋನು ಮಾಡಿದೆ. ಸುತ್ತಿ ಬಳಸಿ, ಯಾರೋ ಹೇಳಿದರು ಎಂಬಂತೆ, ಆ ಫ್ಯಾಕ್ಟರಿಯ ಬಗ್ಗೆ ಸ್ವಲ್ಪ ತಕರಾರಿದೆಯಂತೆ ಅಂದೆ.

"ನೀವು ಬೇಡ ಅಂದ್ರೆ ಒಂದೇ ದಿನದಲ್ಲಿ ಮಾರಿಬಿಡ್ತೀನಿ ಸರ್. ನನಗೇನಿದೆ?" ಅಂದಳು. ಮತ್ತೆ ದನಿ ತಗ್ಗಿಸಿದಳು. "ಒಂದ್ ಮಾತು ಹೇಳ್ಲಾ ಸರ್? ಅವತ್ತು ನನಗೆ ತಲೆ ಸುತ್ತು ಬಂದಿತ್ತು. ಮೂರು ದಿನ ಊಟ ಸೇರ್ಲಿಲ್ಲ. ಇದು ಬೇಡ ಅಂತ ಬರೀಬೇಕು ಅಂದ್ಕೊಂಡೆ. ಅಷ್ಟರಲ್ಲಿ ನೀವೇ ವಾಸನೆ ಇಲ್ಲ ಅಂತ ಸೈನ್ ಮಾಡಿಕೊಟ್ರಿ. ಊರಿನವರಿಗೇ ಇಲ್ಲ ಅಂದ್ಮೇಲೆ ನಾನ್ಯಾರು ಹೇಳೋಕೆ?"

"ಈಗೇನು ಮಾಡೋದು?"

"ಅದು ಮೆಂಬರ್ಸ್ ಇಷ್ಟ ಸರ್. ನನ್ನ ಫಾರ್ಮಿನಲ್ಲಿ ಲಾಭಕ್ಕೆ ಒಂದು ಕಾಲಂ ಇದೆ, ರಿಸ್ಕ್‌ಗೆ ಒಂದಿದೆ. ಇದಕ್ಕೆ ಇಲ್ಲ."

ಎಂಥ ಜವಾಬ್ದಾರಿಯಿಲ್ಲದ ಹುಡುಗಿ! ಆ ಸಂಬಳ ತೆಗೆದುಕೊಂಡು ತನಗೆ ಅನಿಸಿದ್ದನ್ನು ಬಾಯಿಬಿಟ್ಟು ಹೇಳದೆ ಇದ್ದಳಲ್ಲ. ಹೀಗೆ ನುಂಗಿಕೊಂಡು ಕೂರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಕ್ಕನ ವಿಷಯ ಅವಳಿಗೆ ಹೇಳಲಿಲ್ಲ. ಅದು ನಮ್ಮ ಮನೆಯ ವಿಷಯ.

೧೯ ಜುಲೈ, ಗುರುವಾರ

ಖುರ್ಷಿದಾ ಕೆಲಸದ ನಡುವೆಯೇ ನನ್ನ ಮೇಜಿಗೆ ಬಂದರು. ಬಿಸಿನೀರಿನಲ್ಲಿ ಬೆಂದು ಬಿಳಿಚಿದ ಕೈಗಳನ್ನು ಮೇಜಿನ ಮೇಲೆ ಊರಿ ನಿಂತರು.

"ಅನಂತಣ್ಣ, ನನ್ನ ತಮ್ಮ ಆ ಫ್ಯಾಕ್ಟ್ರಿ ಟ್ಯಾಂಕರ್ ಓಡಿಸ್ತಾನೆ. ಮೂರರಲ್ಲಿ ಒಂದು ಪೆಟ್ರೋಲ್ ಡಿಪೋಗೆ ಹೋಗ್ತದಂತೆ. ಎರಡು ಬ್ರಾಂಡಿ ಮಾಡೋರ ಹತ್ರ."

"ಸಾರಾಯಿ ಈ ತಿಂಗಳಿಂದ ಬಂದಾಯ್ತಲ್ಲಮ್ಮ."

"ಸಾರಾಯಿ ಬಂದ್. ಬ್ರಾಂಡಿ ಬಂದಾ? ಅದಕ್ಕೇ ಜಾಸ್ತಿ ಬೇಕಂತೆ, ಅದಕ್ಕೇ ರೇಟು ಏರ್ತಿರೋದು."

ನಾನು ಸಮಾಧಾನವಾಗಿ ತಿಳಿಸಿ ಹೇಳಿದೆ. ನಾವು ಷೇರು ಕೊಂಡಿರುವುದು ಫ್ಯಾಕ್ಟರಿಯದು, ಟ್ಯಾಂಕರಿನದಲ್ಲ. ಗೇಟು ದಾಟಿದ ಮೇಲೆ ಟ್ಯಾಂಕರು ಎತ್ತ ತಿರುಗುತ್ತದೆ ಎಂಬುದು ಸಾರಿಗೆಗೆ ಸಂಬಂಧಿಸಿದ ವಿಚಾರ. ಕತ್ತಿ ಮಾಡಿದ ಕಮ್ಮಾರನನ್ನು ಯಾರಾದರೂ ಜೈಲಿಗೆ ಹಾಕುತ್ತಾರೆಯೇ? ನನ್ನ ವಾದ ನನಗೇ ಬಹಳ ಹಿಡಿಸಿತು.

ಖುರ್ಷಿದಾಗೆ ಹಿಡಿಸಲಿಲ್ಲ. "ಇನ್ನೊಂದು ಹೇಳ್ತೀನಿ. ಅವತ್ತು ಮನೇಗ್ ಹೋದ್ರೆ ನನ್ನ ಮಗಳು ರಹೀಮಾ, ಅಮ್ಮಿ, ನಿಂಗೆ ಏನೂ ಬರ್ತಾ ಇಲ್ವಾ ಅಂತ ಅತ್ತಳು. ಮಲ್ಲಿಗೆ ತಂದು ಮೂಗಿಗೆ ಹಿಡಿದ್ಲು. ಬರ್ಲಿಲ್ಲ. ಸೀಮೆಎಣ್ಣೆ ಹಿಡಿದ್ಲು. ಅದೂ ಬರ್ಲಿಲ್ಲ. ನಮ್ಮ ಮೂಗು ಸತ್ತು ಎಷ್ಟೋ ವರ್ಷ ಆಗಿದೆ ಅನಂತಣ್ಣ. ನಾವು ಅಲ್ಲಿ ಸುಳ್ಳು ಬರೆದು ಬಂದಿದ್ದೀವಿ. ಮೀಟಿಂಗ್ ಕರೀರಿ, ಮಾರಿಬಿಡಿ."

ತನ್ನ ಮೂಗು ಕೆಟ್ಟರೆ ತನ್ನದು ಎನ್ನಲಿ. ನಮ್ಮ ಮೂಗು ಎಂದು ನನ್ನನ್ನೂ ಸೇರಿಸುವುದೇ?

ಮನೆಗೆ ಬಂದು ಒಂದು ಮಲ್ಲಿಗೆ ಮೂಸಿದೆ. ಈಚೆಗೆ ಹೂವೂ ಕಲಬೆರಕೆ.

೬ ಆಗಸ್ಟ್, ಸೋಮವಾರ

ಎಂಬತ್ತೊಂದು. ಸಭೆ ಇಪ್ಪತ್ತೇಳಕ್ಕೆ ಎಂದು ನಿಗದಿಯಾಗಿದೆ.

ಸುದ್ದಿ ಹೇಗೋ ಹರಡಿದೆ. ಎಂಟು ಗಂಟೆಯ ಪಾಳಿಯವರು ನನ್ನ ಸುತ್ತ ನಿಂತು, "ಮಾರ್ತಾರಂತೆ ಹೌದಾ? ಯಾವೋನ್ಗೆ ಬಂದದೆ ದೊಡ್ಡರೋಗ?" ಎಂದು ಕೂಗಾಡಿದರು. ಕೆಳಗಿನ ಹಳ್ಳಿಯ ನೀರು ಕೆಟ್ಟಿದೆಯಂತೆ ಎಂದು ಯಾರೋ ಅಂದದ್ದಕ್ಕೆ ಒಬ್ಬ, "ನೀರು ಕೆಡ್ದೇ ಇರೋ ಊರು ಯಾವ್ದೈತೆ ತೋರ್ಸು" ಅಂದ. ಮಾತಿನಲ್ಲಿ ತಥ್ಯವಿದೆ.

ಕೃಷ್ಣಪ್ಪ ಮಾತ್ರ ಎಲ್ಲರೂ ಹೋದ ಮೇಲೆ ಬಂದ. ಡಿಸೆಂಬರಿಗೆ ಅವನ ರಿಟೈರ್ಮೆಂಟು. "ನನ್ನ ಮೊಣಕಾಲು ಎರಡೂ ಹೋಗವೆ ಕಣ್ಲಾ. ಆಪ್ರೇಸನ್ ಮಾಡ್ಸ್‌ಬೇಕು. ಈ ರೇಟು ಡಿಸೆಂಬರ್ ಗಂಟ ಹಿಂಗೇ ಏರುದ್ರೆ ಎರಡ್ಕೂ ಆಯ್ತದೆ. ಈಗ್ಲೇ ಮಾರುದ್ರೆ ಒಂದೇ ಕಾಲ್ಗೆ. ಒಂಟಿ ಕಾಲಾಗೆ ನಿಂತ್ಕಂಡು ತಪಸ್ ಮಾಡ್ಲಾ?"

ನಗಿಸಿ ಹೋದ. ಅವನು ಮೆಟ್ಟಿಲಿಳಿಯುವುದನ್ನು ನೋಡುತ್ತಿದ್ದೆ. ಗೋಡೆ ಹಿಡಿದು ಒಂದೊಂದಾಗಿ ಇಳಿದ.

೨೭ ಆಗಸ್ಟ್, ಸೋಮವಾರ

ಸಭೆ. ನೌಕರ ಧರ್ಮದರ್ಶಿಗಳು ಮೂವರಲ್ಲಿ ಇಬ್ಬರು ಹೇಗೆ ಹೇಳುತ್ತಾರೋ ಹಾಗೆ, ತಾವು ಅಡ್ಡಬರುವುದಿಲ್ಲ ಎಂದು ರಾಮಲಿಂಗಯ್ಯನವರು ಮೊದಲೇ ಕೈತೊಳೆದುಕೊಂಡರು. ಖುರ್ಷಿದಾ ಮಾರಿ ಅಂದರು. ಕೃಷ್ಣಪ್ಪ ಇರಲಿ ಅಂದ. ಎಲ್ಲರೂ ನನ್ನ ಮುಖ ನೋಡಿದರು.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಹಳ್ಳಿಯ ಆರೇಳು ಹೆಂಗಸರು, ಕೈಯಲ್ಲಿ ಕಂದುನೀರಿನ ಬಾಟಲಿಗಳು. ಈ ಫ್ಯಾಕ್ಟರಿಗೆ ಚನ್ನಪಟ್ಟಣದ ಮಿಲ್ಲಿನವರು ದುಡ್ಡು ಹಾಕಿದ್ದಾರೆಂದು ಯಾರೋ ಹೇಳಿದರಂತೆ, ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಐದು ನಿಮಿಷ ಮಾತಾಡಿ ಎಂದು ರಾಮಲಿಂಗಯ್ಯನವರು ಅಪ್ಪಣೆ ಕೊಟ್ಟರು. ಮುಂದೆ ಬಂದವಳು ದಾಸಮ್ಮಕ್ಕ.

ಮೇಜಿನ ಆಚೆ ನನ್ನನ್ನು ಕಂಡು ನಿಂತುಬಿಟ್ಟಳು. ಈಗ ಬಾಯಿಗೆ ಬಂದಂತೆ ಬೈಯುತ್ತಾಳೆ, ಎಲ್ಲರೆದುರು ಮಾನ ಹೋಯಿತು ಅಂದುಕೊಂಡೆ.

ಅಕ್ಕನ ಮುಖ ಅರಳಿತು.

"ನೀನೂ ಇದ್ರಾಗೆ ಇದ್ದೀಯಾ ತಮ್ಮ? ಅಯ್ಯೋ, ಮೊದ್ಲೇ ಯೋಳಬಾರ್ದಾ!" ಎಂದು ಹಿಂದೆ ತಿರುಗಿದಳು. "ನಮ್ಮ ಅನಂತ ಅವ್ನೆ ಕಣ್ರವ್ವ ಇಲ್ಲಿ. ನಾನ್ ಎತ್ತಿ ಆಡಿಸ್ದೋನು. ಇನ್ನು ನಾವು ಯೋಳಾದು ಏನೂ ಇಲ್ಲ. ಬನ್ನಿ, ಬಸ್ ತಪ್ಪೋಯ್ತದೆ."

ತಮಗೆ ಕೊಟ್ಟಿದ್ದ ಐದು ನಿಮಿಷದಲ್ಲಿ ಒಂದನ್ನೂ ಪೂರ್ತಿ ಬಳಸದೆ ಹೊರಟುಹೋದರು. ಬಾಟಲಿಗಳನ್ನು ನನ್ನ ಮುಂದೆ ಸಾಲಾಗಿ ಇಟ್ಟು ಹೋದರು.

ರಾಮಲಿಂಗಯ್ಯನವರು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಕೃಷ್ಣಪ್ಪ ಮೇಜಿನ ಕೆಳಗೆ ಮೊಣಕಾಲು ಒತ್ತಿಕೊಳ್ಳುತ್ತಿದ್ದ. ಹೊರಗೆ ಅಂಗಳದಲ್ಲಿ ಎರಡು ಪಾಳಿಯ ಜನ.

ತರಾತುರಿಯ ತೀರ್ಮಾನ ಧರ್ಮದರ್ಶಿಗೆ ಶೋಭಿಸುವುದಿಲ್ಲ. ಡಿಸೆಂಬರ್ ಕಳೆಯಲಿ, ಆಮೇಲೆ ಪುನಃ ಪರಿಶೀಲಿಸೋಣ ಎಂದೆ. ಇರಲಿ ಎಂದಷ್ಟೇ ಅಲ್ಲ. ಪುನಃ ಪರಿಶೀಲಿಸೋಣ ಎಂದೂ ಸೇರಿಸಿದ್ದೇನೆ. ನಡಾವಳಿಯಲ್ಲಿ ಇದೆ.

ಹೊರಗೆ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಖುರ್ಷಿದಾ ಮಾತ್ರ ನನ್ನ ಪಕ್ಕದಲ್ಲಿ ಹಾದುಹೋಗುವಾಗ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಬೇಕೆಂದೇ ಮಾಡಿದ್ದು. ಎಷ್ಟು ಸಣ್ಣ ಮನಸ್ಸು!

೧೪ ಸೆಪ್ಟೆಂಬರ್, ಶುಕ್ರವಾರ. ಗೌರಿ ಹಬ್ಬ

ಪ್ರತಿ ವರ್ಷ ಈ ದಿನ ತವರಿನ ಬಾಗಿನ ಹೊತ್ತು ಅಕ್ಕನ ಮನೆಗೆ ಹೋಗುತ್ತೇನೆ. ಇದುವರೆಗೂ ತಪ್ಪಿಸಿಲ್ಲ. ಈ ಸಲ ಮೊರದ ಬಾಗಿನ, ಸೀರೆ, ಬಳೆಗಳ ಜೊತೆಗೆ ಕುದೂರಿನಲ್ಲಿ ಇಳಿದು ಇಪ್ಪತ್ತು ಲೀಟರಿನ ಮಿನರಲ್ ನೀರಿನ ಕ್ಯಾನು ಕೊಂಡು ಆಟೋದಲ್ಲಿ ಹೋದೆ. ಯಾವ ತಮ್ಮ ಇಷ್ಟು ಮಾಡುತ್ತಾನೆ?

ಅಕ್ಕ ಬಾಗಿನ ತೆಗೆದುಕೊಂಡಳು. ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟಳು. ಸಭೆಯ ಬಗ್ಗೆ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಎಲ್ಲವನ್ನೂ ತಿಳಿಸಿ ಹೇಳಲು ಬಸ್ಸಿನುದ್ದಕ್ಕೂ ತಯಾರಿ ಮಾಡಿಕೊಂಡಿದ್ದೆ.

ಕ್ಯಾನನ್ನು ಮಾತ್ರ ಮನೆಯೊಳಗೆ ಇಡಲಿಲ್ಲ. ಹಿತ್ತಲಿಗೆ ಉರುಳಿಸಿಕೊಂಡು ಹೋಗಿ, ಮುಚ್ಚಳ ಕಿತ್ತು, ಅಷ್ಟೂ ನೀರನ್ನು ಕುರಿಗಳ ಕಲ್ಲುಬಾನಿಗೆ ಸುರಿದುಬಿಟ್ಟಳು. ಉಳಿದಿದ್ದ ಏಳು ಕುರಿ ಒಂದರ ಮೇಲೊಂದು ಬಿದ್ದು ಕುಡಿದವು.

"ಅಕ್ಕ, ಅದು ನಿನಗೆ ತಂದಿದ್ದು. ನಲವತ್ತು ರೂಪಾಯಿ ಅದಕ್ಕೆ."

"ನಾಳೀಕೆ ಇವನ್ನ ಮಾರ್ತಾ ಇವ್ನಿ. ಒಂದು ಹೊಟ್ಟೆ ಒಳ್ಳೆ ನೀರು ಕುಡ್ಕಂಡ್ ಹೋಗ್ಲಿ ಬುಡು."

ಹೊತ್ತು ಏರುತ್ತಿತ್ತು. ಒಲೆಯಲ್ಲಿ ಬೆಂಕಿ ಕಾಣಲಿಲ್ಲ. ಅಕ್ಕ ಹೊಸಿಲ ಹತ್ತಿರ ಕೂತಿದ್ದಳು, ನಾನು ಜಗಲಿಯಲ್ಲಿ. ಕೊನೆಗೆ ನಾನೇ ನಾಚಿಕೆ ಬಿಟ್ಟು, ಒಬ್ಬಟ್ಟು ಮಾಡಿಲ್ವಾ ಎಂದು ಕೇಳಿದೆ.

"ಇಲ್ಲ ಕಣಪ್ಪ. ನಾನಾದ್ರೆ ಹೆಂಗೋ ಕುಡಿತೀನಿ. ಆ ನೀರಾಗೆ ಮಾಡಿ ನಿಂಗೆ ಹೆಂಗ್ ಇಕ್ಕ್‌ಲಿ?" ಎಂದಳು. ಸೆರಗು ಕೊಡವಿ ಎದ್ದು, "ಹೊಲ್ಟ್‌ಬುಡು, ಮೂರು ಗಂಟೆ ಬಸ್ಸೈತೆ" ಎಂದು ಒಳಗೆ ಹೋದಳು.

ಹಬ್ಬದ ದಿನ ತವರಿನವನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದಳು! ನನ್ನ ಐವತ್ತೇಳು ವರ್ಷದಲ್ಲಿ ಇದು ಮೊದಲು. ನೀರು ಬೇಕಿದ್ದರೆ ಕ್ಯಾನಿನಲ್ಲಿ ಇಪ್ಪತ್ತು ಲೀಟರ್ ಇತ್ತು, ಒಂದು ಚೊಂಬು ಉಳಿಸಿಕೊಂಡು ನನಗೊಂದು ಹಿಡಿ ಅನ್ನ ಮಾಡಬಹುದಿತ್ತು. ಕುರಿಗಿರುವ ಬೆಲೆ ಒಡಹುಟ್ಟಿದವನಿಗಿಲ್ಲ. ಮನುಷ್ಯರು ಎಷ್ಟು ಕಲ್ಲಾಗಿಬಿಡುತ್ತಾರೆ ಎಂದು ದಾರಿಯುದ್ದಕ್ಕೂ ಹೇಸಿಕೊಂಡು ಬಂದೆ.

ಕುದೂರು ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ ಎರಡು ಬನ್ನು ತೆಗೆದುಕೊಂಡು ಪೇಪರು ಬಿಡಿಸಿದೆ. ತೊಂಬತ್ತನಾಲ್ಕು. ಅದೇ ಬನ್ನು ಕೊಂಡಿದ್ದ ಪಕ್ಕದ ಹೆಂಗಸು ಒಂದು ಚೂರು ಮುರಿದು, ಮೂಗಿನ ಹತ್ತಿರ ಹಿಡಿದು, "ಥೂ, ಹಳಸೋಗೈತೆ ಕಣಯ್ಯ" ಎಂದು ಅಂಗಡಿಯವನ ಮುಂದೆ ಎಸೆದಳು. ಅಷ್ಟು ಹೊತ್ತಿಗೆ ನಾನು ಎರಡೂ ತಿಂದು ಮುಗಿಸಿದ್ದೆ.